ಮೈಯೊಳಗಿನ ಉರಿ, ಅದಕ್ಕೊಂದು ಕಡಿವಾಣ

ಕೆಂಗೇರಿ ಸೀಮೆಯ ರೈತ ಬಾಂಧವರೇ, ತಾಯಂದಿರೇ, 2021ರ ಕೋವಿಡ್ ಬೇಸಿಗೆ ನೆನಪಿದೆಯಲ್ಲವೇ? ವಿಷಾಣುವನ್ನು ಕೊಲ್ಲಲು ಮೈ ತಾನೇ ಉರಿಯೂತ ಎಬ್ಬಿಸುತ್ತದೆ. ಬದುವಿನ ಕಸಕ್ಕಿಟ್ಟ ಬೆಂಕಿ ಹುಲ್ಲಿನ ಮೆದೆಗೆ ಹತ್ತಿದ ಹಾಗೆ, ಕೆಲವರಲ್ಲಿ ಅದು ಶ್ವಾಸಕೋಶವನ್ನೇ ಕೆಡಿಸುತ್ತದೆ. ಈ ಉರಿ ತಗ್ಗಿಸುವ ಹಾರ್ಮೋನು ಕಾರ್ಟಿಸಾಲ್. ಮೂತ್ರಪಿಂಡದ ನೆತ್ತಿಯ ಮೇಲಿನ ಗ್ರಂಥಿಯಲ್ಲಿ ಹುಟ್ಟುವಂಥದು. ಅದರಂತೆಯೇ ಕೆಲಸ ಮಾಡುವ, ಆದರೆ ಬಲು ಜೋರಿನ ಔಷಧಿ ಡೆಕ್ಸಾಮೆಥಾಸೋನ್. ದಿನಕ್ಕೆ 6 ಮಿಲಿಗ್ರಾಂ ಕೊಟ್ಟಾಗ ಉಸಿರಾಟದ ಯಂತ್ರಕ್ಕೆ ಹಾಕಿದವರ ಸಾವು ಮೂರರಲ್ಲೊಂದು ಪಾಲು ತಗ್ಗಿತೆಂದು 2020ರ ಜೂನಿನಲ್ಲಿ ಬ್ರಿಟನ್ನಿನ ಪರೀಕ್ಷೆ ತೋರಿಸಿತು.

ಆಮ್ಲಜನಕ ಬೇಡದವರಿಗೆ ಮಾತ್ರ ಲಾಭವಿಲ್ಲ ನೋಡಿ. ಮೊದಲ ದಿನಗಳಲ್ಲಿ ಆ ಉರಿಯೇ ನಮ್ಮ ಕಾವಲು. ಮೇಲಾಗಿ ಈ ಔಷಧಿಯಿಂದ ರಕ್ತದ ಸಕ್ಕರೆ ಏರುತ್ತದೆ. ಆ ವರ್ಷ ಕಪ್ಪು ಶಿಲೀಂಧ್ರ ಹಬ್ಬಲು ಅದೂ ಒಂದು ಕಾರಣ. ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ವೈದ್ಯರು ಬಹುದಿನ ಕೊಟ್ಟಿದ್ದರೆ ತಟ್ಟನೆ ಬಿಡಲೂಬೇಡಿ. ಅಷ್ಟರಲ್ಲಿ ನಿಮ್ಮ ಗ್ರಂಥಿ ಮಲಗಿಬಿಟ್ಟಿರುತ್ತದೆ, ಏಳಲು ಹೊತ್ತು ಬೇಕು.