‘ಸ್ಯಾಂಕ್ಷನ್’ ಎಂಬ ಶಬ್ದ

ಶಾಲೆಯ ಮೆಟ್ಟಿಲು ಹತ್ತದ ನಮ್ಮ ತಂದೆಯವರಿಗೂ ಚೆನ್ನಾಗಿ ಬರುವ ಒಂದು ಇಂಗ್ಲಿಷ್ ಶಬ್ದವುಂಟು. ಅದು ‘ಸ್ಯಾಂಕ್ಷನ್’. ನಮ್ಮೂರಿನಲ್ಲಿ ‘ಸ್ಯಾಂಕ್ಸನ್’ ಎನ್ನುತ್ತಾರೆ. ಬಾವಿಯ ಸಾಲ ಸ್ಯಾಂಕ್ಸನ್ ಆಗಬೇಕು, ಮನೆ ಸ್ಯಾಂಕ್ಸನ್ ಆಗಬೇಕು. ಅಂದರೆ ಮಂಜೂರಾತಿ, ಒಪ್ಪಿಗೆ. ಆ ಶಬ್ದಕ್ಕೆ ಇಷ್ಟೇ ಅರ್ಥವೆಂದು ನಂಬಿಯೇ ನಾನು ಕಾಲೇಜಿಗೆ ಬಂದದ್ದು.

ರಾಜ್ಯಶಾಸ್ತ್ರದ ಕಿರುಪರೀಕ್ಷೆಯಲ್ಲಿ ಈ ನಂಬಿಕೆ ಕೈಕೊಟ್ಟಿತು. 1935ರಲ್ಲಿ ಇಟಲಿಯು ಇಥಿಯೋಪಿಯದ ಮೇಲೆ ದಂಡೆತ್ತಿ ಹೋದಾಗ ರಾಷ್ಟ್ರಸಂಘವು ಏನು ಮಾಡಿತೆಂಬುದು ಪ್ರಶ್ನೆ. ಗ್ರಂಥಾಲಯದ ಇಂಗ್ಲಿಷ್ ಪುಸ್ತಕದಲ್ಲಿ ‘ಸ್ಯಾಂಕ್ಷನ್ಸ್’ ಎಂದು ಓದಿದ್ದ ನಾನು, ‘ಇಟಲಿಗೆ ಮಂಜೂರಾತಿ ನೀಡಿತು’ ಎಂದು ಬರೆದುಬಿಟ್ಟೆ! ನಡೆದದ್ದು ತದ್ವಿರುದ್ಧ. ಇಟಲಿಗೆ ಆಯುಧ ಮಾರಬಾರದು, ಸಾಲ ಕೊಡಬಾರದು, ಅದರ ಸರಕನ್ನು ಕೊಳ್ಳಬಾರದು ಎಂದು ಕಟ್ಟು ಮಾಡಿದ್ದರು. (ಎಣ್ಣೆಯನ್ನು ತಡೆಯದೆ ಬಿಟ್ಟರು, ಯುದ್ಧ ನಿಲ್ಲಲಿಲ್ಲ.) 1966ರಲ್ಲಿ ವಿಶ್ವಸಂಸ್ಥೆಯು ರೊಡೇಷಿಯದ ಮೇಲೆ, 1998ರಲ್ಲಿ ಪೋಖ್ರಾನ್ ಪರೀಕ್ಷೆಯ ತರುವಾಯ ಅಮೆರಿಕವು ನಮ್ಮ ದೇಶದ ಮೇಲೆ ಹೇರಿದ್ದೂ ಇಂಥ ‘ಸ್ಯಾಂಕ್ಷನ್ಸ್’ಗಳೇ.

ಒಪ್ಪಿಗೆಯೂ ಶಿಕ್ಷೆಯೂ ಒಂದೇ ಶಬ್ದದಲ್ಲಿ ಕೂಡಿದ್ದು ಹೇಗೆ? ಇದರ ಮೂಲ ಲ್ಯಾಟಿನ್ನಿನ ‘ಸಾಂಕಿರೆ’. ಪವಿತ್ರವೆಂದು, ಮೀರಬಾರದೆಂದು ವಿಧಿಸುವುದು ಎಂದರ್ಥ. ‘ಸೇಂಟ್’ ಎಂಬುದೂ ಇದೇ ಬಳ್ಳಿಯ ಕಾಯಿ. ಕಟ್ಟಳೆಗೆ ಮುದ್ರೆ ಒತ್ತುವುದು ಒಂದು ಮಾತು. ಅದನ್ನು ಮೀರಿದವನಿಗೆ ದಂಡ ವಿಧಿಸುವುದು ಅದರ ಬೆನ್ನಿಗೇ ಬರುವ ಇನ್ನೊಂದು ಮಾತು. ಮೊದಲನೆಯದರಿಂದ ಒಪ್ಪಿಗೆಯೂ, ಎರಡನೆಯದರಿಂದ ಶಿಕ್ಷೆಯೂ ಹುಟ್ಟಿದವು. 1832ರಲ್ಲಿ ಗ್ರಂಥ ಪ್ರಕಟಿಸಿದ ನ್ಯಾಯಶಾಸ್ತ್ರಜ್ಞ ಜಾನ್ ಆಸ್ಟಿನ್ ಆಜ್ಞೆಯನ್ನು ಮೀರಿದವನಿಗೆ ತಟ್ಟುವ ಕೇಡನ್ನೇ ‘ಸ್ಯಾಂಕ್ಷನ್’ ಎಂದ.

ನಮ್ಮ ‘ಮಂಜೂರು’ ಶಬ್ದವೂ ಸಾಮಾನ್ಯದ್ದಲ್ಲ. ಅದು ಅರಬ್ಬಿಯಿಂದ ಬಂದದ್ದು, ‘ನದರು’ ಶಬ್ದದ ಒಡಹುಟ್ಟು. ಮಂಜೂರಾದದ್ದು ಎಂದರೆ ಮೊದಲಿಗೆ ನೋಡಲ್ಪಟ್ಟದ್ದು. ಸಾಹೇಬರ ನದರಿಗೆ ಬೀಳದೆ ಕಾಗದ ಮುಂದಕ್ಕೆ ಹೋಗದೆಂಬುದು ಶಬ್ದದಲ್ಲಿಯೇ ಇದೆಯಲ್ಲ!

ಇಂಗ್ಲಿಷ್ ಪತ್ರಿಕೆ ಓದುವ ಗೆಳೆಯರಿಗೆ ಒಂದು ಗುರುತು ಹೇಳುತ್ತೇನೆ. ಶಬ್ದವು ಬಹುವಚನದಲ್ಲಿದ್ದು, ಅದರ ಮುಂದೆ ‘ಆನ್’ ಅಥವಾ ‘ಅಗೇನ್ಸ್ಟ್’ ಬಂದರೆ ಬಹುಮಟ್ಟಿಗೆ ನಿರ್ಬಂಧ. ಸಾಲ, ಹುದ್ದೆ, ರಜೆಗಳ ಜೊತೆಗಿದ್ದರೆ ಒಪ್ಪಿಗೆ. ಕ್ರಿಯಾಪದವಾದರೆ ಎಚ್ಚರದಿಂದಿರಬೇಕು. ಹಿಂದೆ ಅದು ಹೆಚ್ಚಾಗಿ ಒಪ್ಪುವುದಕ್ಕೇ ಸಲ್ಲುತ್ತಿತ್ತು. ಈಗ ದೇಶವೊಂದನ್ನು ‘ಸ್ಯಾಂಕ್ಷನ್’ ಮಾಡಿದರು ಎಂದರೆ ದಂಡಿಸಿದರು ಎಂದೇ ಅರ್ಥ.

ಇನ್ನು ಕಚೇರಿಯ ಒಪ್ಪಿಗೆಯಾದರೂ ಪೂರ್ತಿ ಒಪ್ಪಿಗೆಯೇ? ಮಂಜೂರಾದ ಹುದ್ದೆ ವರ್ಷಗಟ್ಟಲೆ ಖಾಲಿ ಇರಬಹುದು. ಕಳೆದ ವರ್ಷ ನನ್ನ ವಿದ್ಯಾರ್ಥಿವೇತನ ‘ಸ್ಯಾಂಕ್ಷನ್ ಆಗಿದೆ’ ಎಂದು ಕಚೇರಿಯಲ್ಲಿ ಹೇಳಿದರು. ಆ ಒಂದು ಮಾತಿನ ಬಲದ ಮೇಲೆ ತಂದೆಯವರು ಪರೀಕ್ಷಾ ಶುಲ್ಕಕ್ಕೆ ಕೈಗಡ ತಂದರು. ಮೂರು ತಿಂಗಳಾದರೂ ಹಣ ಬರಲಿಲ್ಲ. ವಿಚಾರಿಸಿದಾಗ, ‘ಸ್ಯಾಂಕ್ಷನ್ ಬೇರೆ, ರಿಲೀಸ್ ಬೇರೆ’ ಎಂಬ ಉತ್ತರ ಬಂತು.

ಈಗ ಯಾವ ಕಚೇರಿಗೆ ಹೋದರೂ ತಂದೆಯವರು ಸ್ಯಾಂಕ್ಸನ್ ಆಯಿತೇ ಎಂದು ಕೇಳುವುದಿಲ್ಲ. ‘ರಿಲೀಜು ಆಯ್ತಾ ಸ್ವಾಮಿ?’ ಎನ್ನುತ್ತಾರೆ.