ಕೊನೆಯ ಕಾವಲುಗಾರನಿಗೆ ಮೊದಲ ಮಣೆಯೇ?

ಅಮೆರಿಕದಲ್ಲಿ ಪ್ರತಿ ವರ್ಷ ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ಆಟವೇ ಇಲ್ಲದ ಕ್ರೀಡಾ ಉತ್ಸವವೊಂದು ನಡೆಯುತ್ತದೆ. ಅದರ ಹೆಸರು 'ಡ್ರಾಫ್ಟ್'. ಅಲ್ಲಿನ ವೃತ್ತಿಪರ ಫುಟ್‌ಬಾಲ್ ತಂಡಗಳು ಕಾಲೇಜು ಮಟ್ಟದಲ್ಲಿ ಮಿಂಚಿದ ಯುವಕರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಸಮಾರಂಭವಿದು. ನಮ್ಮ ಅನೇಕ ಕನ್ನಡ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಇಂದು ಆ ದೇಶದಲ್ಲಿ ನೆಲೆಸಿದ್ದಾರೆ. ಅವರು ದೂರವಾಣಿಯಲ್ಲಿ ಈ ವಿಷಯವನ್ನು ಅತ್ಯುತ್ಸಾಹದಿಂದ ಪ್ರಸ್ತಾಪಿಸಿದಾಗ ಹಿರಿಯರು 'ಹೌದೇ' ಎಂದು ಸುಮ್ಮನಾಗುವುದುಂಟು. ವಾಸ್ತವದಲ್ಲಿ ಈ ಆಯ್ಕೆಯ ಹಿಂದೆ, ಆಟದ ಗಂಧವಿಲ್ಲದವರಿಗೂ ರುಚಿಸಬಹುದಾದ ಗಂಭೀರ ವಿಚಾರವೊಂದಿದೆ. ಅತ್ಯುತ್ತಮ ವ್ಯಕ್ತಿ ಎದುರಿಗಿದ್ದಾನೆ. ಆದರೆ ಅವನು ನಿಲ್ಲುವ ಸ್ಥಾನ ಅಷ್ಟು ಬೆಲೆಯುಳ್ಳದ್ದಲ್ಲ. ಅವನನ್ನು ಆರಿಸಬೇಕೇ, ಬೇಡವೇ? 2010ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡದ ಮುಂದೆ ನಿಂತಿದ್ದ ಈ ಪ್ರಶ್ನೆಯನ್ನು ಆಧಾರವಾಗಿಟ್ಟುಕೊಂಡು ವಿಷಯವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಆಟ ಮತ್ತು ಆಟಗಾರ

ಅಮೆರಿಕನ್ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ನೂರು ಗಜ ಉದ್ದದ ಮೈದಾನದಲ್ಲಿ ಎರಡೂ ಕಡೆ ಹನ್ನೊಂದು ಮಂದಿ ಎದುರುಬದುರಾಗಿ ನಿಲ್ಲುತ್ತಾರೆ. ಚೆಂಡು ಹೊಂದಿರುವ ಪಕ್ಷ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿಯಬೇಕು. ಮುಂದುವರಿದರೆ ಮತ್ತೆ ನಾಲ್ಕು ಯತ್ನಗಳು ದೊರೆಯುತ್ತವೆ. ಹೀಗೆ ಸಾಗಿ ಎದುರಾಳಿಯ ಕೊನೆಯ ಗೆರೆಯನ್ನು ದಾಟಿದರೆ ಆರು ಅಂಕ. ದಾಳಿಯ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಬಹುತೇಕ ಪ್ರತಿ ಯತ್ನದಲ್ಲೂ ಚೆಂಡು ಅವನ ಕೈಗೆ ಬರುತ್ತದೆ. ಅವನ ಮೇಲೆ ಎರಗಲು ಬರುವವರನ್ನು ತಡೆಯುವ ಭಾರೀ ದೇಹದ ರಕ್ಷಕರಲ್ಲಿ ಅಂಚಿನಲ್ಲಿ ನಿಲ್ಲುವವರನ್ನು 'ಟ್ಯಾಕಲ್' ಎನ್ನುತ್ತಾರೆ.

ಎದುರು ಪಕ್ಷದ ರಕ್ಷಣಾ ವ್ಯೂಹದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನೇ 'ಸೇಫ್ಟಿ'. ಮುಂದಿನ ಸಾಲು ಕುಸಿದು ಚೆಂಡು ಹಿಡಿದವನು ನುಗ್ಗಿ ಬಂದರೆ ಅವನನ್ನು ಕೆಡವಬೇಕು. ಚೆಂಡನ್ನು ದೂರಕ್ಕೆ ಎಸೆದರೆ ಅದು ಬೀಳುವ ಜಾಗವನ್ನು ಮೊದಲೇ ಊಹಿಸಿ ಓಡಬೇಕು. ಇವನು ತಪ್ಪಿದರೆ ಹಿಂದೆ ಮತ್ತಾರೂ ಇಲ್ಲ. ಸೂಕ್ಷ್ಮ ದೃಷ್ಟಿ, ವೇಗ, ಎದೆಗಾರಿಕೆ ಮೂರೂ ಒಬ್ಬನಲ್ಲೇ ಕೂಡಿರಬೇಕಾದ ಸ್ಥಾನವಿದು.

ಇಷ್ಟಾದರೂ ಈ ಸ್ಥಾನಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಕಾರಣವಿಲ್ಲದಿಲ್ಲ. ಕ್ವಾರ್ಟರ್‌ಬ್ಯಾಕ್‌ನ ಪ್ರಭಾವ ಹೆಚ್ಚುಕಡಿಮೆ ಪ್ರತಿ ಯತ್ನದ ಮೇಲಿರುತ್ತದೆ. ಅವನನ್ನು ಬೆನ್ನಟ್ಟುವವನೂ ಕಾಯುವವನೂ ಅವನು ಚೆಂಡೆಸೆಯಲು ಹೊರಟಾಗಲೆಲ್ಲ ಕಾದಾಡುತ್ತಾರೆ. ಸೇಫ್ಟಿಯ ಬಳಿಗೆ ಚೆಂಡು ಇಡೀ ಪಂದ್ಯದಲ್ಲಿ ಒಮ್ಮೆಯೂ ಬಾರದಿರಬಹುದು. ಅವನು ನಿಜಕ್ಕೂ ಸಮರ್ಥನಾಗಿದ್ದರೆ ಎದುರಾಳಿ ಅವನಿರುವ ದಿಕ್ಕಿಗೆ ಚೆಂಡನ್ನೇ ಎಸೆಯುವುದಿಲ್ಲ. ಆಗ ಅವನ ಸಾಧನೆ ಅಂಕಿಅಂಶಗಳ ಪಟ್ಟಿಯಲ್ಲಿ ಕಾಣಿಸುವುದೂ ಇಲ್ಲ. ಕಳ್ಳ ಬಾರದ ರಾತ್ರಿಗಳಿಗೆ ಕಾವಲುಗಾರನ ಲೆಕ್ಕದಲ್ಲಿ ಎಷ್ಟು ಜಮೆ ಮಾಡಬೇಕೆಂಬ ಸಮಸ್ಯೆಯೇ ಇಲ್ಲಿನದೂ.

ಸರದಿ ಎಂಬ ಸಂಪತ್ತು

ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಡ್ರಾಫ್ಟ್‌ನಲ್ಲಿ ಏಳು ಸುತ್ತುಗಳು. ಹಿಂದಿನ ವರ್ಷ ಅತ್ಯಂತ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ ತಂಡಕ್ಕೆ ಕೊನೆಯದು. ಬಿದ್ದವರನ್ನು ಮೇಲೆತ್ತಲು ರೂಪಿಸಿದ ವ್ಯವಸ್ಥೆಯಿದು. ಹಾಗಾಗಿ ಮೊದಲ ಐದರೊಳಗಿನ ಸರದಿಯೆಂದರೆ ಸೋತ ಊರೊಂದು ವರ್ಷವಿಡೀ ಅವಮಾನ ನುಂಗಿ ಗಳಿಸಿದ ಬಂಡವಾಳ. ತಂಡಗಳು ಈ ಸರದಿಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಲೂಬಹುದು.

ನಮ್ಮವರಿಗೆ ಪರಿಚಿತವಾದ ಐಪಿಎಲ್‌ನಲ್ಲಿ ಹರಾಜಿನ ಪದ್ಧತಿಯಿದೆ. ಹಣವಿದ್ದವರು ಕೂಗಿ ಕೊಳ್ಳಬಹುದು. ಆದರೆ 2008ರ ಮೊದಲ ಐಪಿಎಲ್‌ಗೆ ಮುನ್ನ 19 ವರ್ಷದೊಳಗಿನ ಆಟಗಾರರನ್ನು ಡ್ರಾಫ್ಟ್ ಮೂಲಕವೇ ಹಂಚಲಾಗಿತ್ತು. ಆಗ ಬ್ಯಾಟುಗಾರರ ಕೊರತೆಯಿಲ್ಲದ ದೆಹಲಿ ತಂಡ ತನ್ನೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಎಡಗೈ ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ಕೊಹ್ಲಿ ಬೆಂಗಳೂರಿನ ಪಾಲಾದರು. ಮುಂದಿನದು ಎಲ್ಲ ಕನ್ನಡಿಗರೂ ಬಲ್ಲ ಸಂಗತಿ. ಕೊರತೆ ನೋಡಿ ಆರಿಸಬೇಕೇ, ಪ್ರತಿಭೆ ನೋಡಿ ಆರಿಸಬೇಕೇ ಎಂಬ ಈ ಗೊಂದಲ ಅಮೆರಿಕದಲ್ಲಿ ಪ್ರತಿ ವರ್ಷದ ಚರ್ಚೆ.

2010ರ ವಿವಾದ

ಕಾನ್ಸಾಸ್ ಸಿಟಿ ತಂಡ 2007, 2008 ಮತ್ತು 2009ರ ಮೂರು ವರ್ಷಗಳಲ್ಲಿ 48 ಪಂದ್ಯಗಳನ್ನಾಡಿ ಗೆದ್ದದ್ದು ಕೇವಲ ಹತ್ತು. 2010ರ ಡ್ರಾಫ್ಟ್‌ನಲ್ಲಿ ಅದಕ್ಕೆ ಐದನೆಯ ಸರದಿ ದೊರೆಯಿತು. ಟೆನೆಸಿ ವಿಶ್ವವಿದ್ಯಾಲಯದ ಎರಿಕ್ ಬೆರಿ ಎಂಬ ಸೇಫ್ಟಿ ಆಗ ಎಲ್ಲರ ಬಾಯಲ್ಲಿದ್ದ ಹೆಸರು. ಮೂರು ವರ್ಷಗಳಲ್ಲಿ ಎದುರಾಳಿಯ 14 ಎಸೆತಗಳನ್ನು ಕಸಿದಿದ್ದ ಯುವಕ. 2009ರಲ್ಲಿ ಕಾಲೇಜು ಮಟ್ಟದ ಶ್ರೇಷ್ಠ ಹಿಂಸಾಲಿನ ರಕ್ಷಕನಿಗೆ ಸಲ್ಲುವ ಜಿಮ್ ಥಾರ್ಪ್ ಪ್ರಶಸ್ತಿ ಪಡೆದವನು. ಅವನ ಯೋಗ್ಯತೆಯ ಬಗ್ಗೆ ಭಿನ್ನಾಭಿಪ್ರಾಯ ವಿರಳ. ವಿವಾದವಿದ್ದದ್ದು ಅವನ ಸ್ಥಾನದ ಬಗ್ಗೆ.

ಬೇಡವೆನ್ನುವವರ ವಾದ ಹೀಗಿತ್ತು. ಟ್ಯಾಕಲ್ ಸ್ಥಾನದ ರಸ್ಸೆಲ್ ಒಕುಂಗ್ ಇನ್ನೂ ಯಾರ ಪಾಲೂ ಆಗಿಲ್ಲ. ಒಳ್ಳೆಯ ಟ್ಯಾಕಲ್‌ಗಳು ಮೊದಲ ಸುತ್ತಿನಲ್ಲೇ ಮುಗಿದುಹೋಗುತ್ತಾರೆ. ಒಳ್ಳೆಯ ಸೇಫ್ಟಿಗಳು ತಡವಾಗಿಯೂ ಸಿಗುತ್ತಾರೆ. ಬಾಲ್ಟಿಮೋರ್‌ನ ಎಡ್ ರೀಡ್ 2002ರಲ್ಲಿ 24ನೆಯವನಾಗಿ, ಪಿಟ್ಸ್‌ಬರ್ಗ್‌ನ ಟ್ರಾಯ್ ಪೊಲಮಾಲು 2003ರಲ್ಲಿ 16ನೆಯವನಾಗಿ ಆಯ್ಕೆಯಾಗಿ ತಮ್ಮ ಪೀಳಿಗೆಯ ಶ್ರೇಷ್ಠರೆನಿಸಲಿಲ್ಲವೇ? ಬೇಕೆನ್ನುವವರು ಆ ಉದಾಹರಣೆಯನ್ನೇ ತಿರುಗಿಸಿದರು. ರೀಡ್, ಪೊಲಮಾಲು ಅಂಥವರು ಇಷ್ಟು ಎತ್ತರಕ್ಕೆ ಏರುತ್ತಾರೆಂದು ಅಂದೇ ತಿಳಿದಿದ್ದರೆ ಯಾವ ತಂಡ ತಾನೇ ಅವರನ್ನು ಹದಿನಾರು, ಇಪ್ಪತ್ತನಾಲ್ಕರವರೆಗೆ ಬಿಡುತ್ತಿತ್ತು ಎಂಬುದು ಅವರ ಪ್ರಶ್ನೆ.

ಹಣದ ಲೆಕ್ಕವೂ ಸೇರಿಕೊಂಡಿತ್ತು. ಆ ಕಾಲದಲ್ಲಿ ಹೊಸಬರ ಸಂಬಳ ಚೌಕಾಸಿಯಿಂದ ತೀರ್ಮಾನವಾಗುತ್ತಿತ್ತು. ಮುಂದಿನ ಸರದಿಯವನಿಗೆ ಹೆಚ್ಚು ಹಣ. ಚೀಫ್ಸ್ ತಂಡ ಕೊನೆಗೆ ಬೆರಿಯನ್ನೇ ಆರಿಸಿ, ಆರು ವರ್ಷಗಳಿಗೆ ಸುಮಾರು 6 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ವೃತ್ತಿಪರ ಪಂದ್ಯವೊಂದನ್ನೂ ಆಡದ ಯುವಕ ಲೀಗಿನ ಅತಿ ದುಬಾರಿ ಸೇಫ್ಟಿಯಾದ.

ಮರುಸರದಿಯಲ್ಲೇ ಸೀಟಲ್ ತಂಡ ಒಕುಂಗ್‌ನನ್ನು ತೆಗೆದುಕೊಂಡಿತು. ಅದೇ ತಂಡ 14ನೆಯ ಸರದಿಯಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸೇಫ್ಟಿ ಅರ್ಲ್ ಥಾಮಸ್‌ನನ್ನೂ, ಐದನೆಯ ಸುತ್ತಿನಲ್ಲಿ, ಅಂದರೆ 133ನೆಯ ಸರದಿಯಲ್ಲಿ, ಕ್ಯಾಮ್ ಚಾನ್ಸೆಲರ್ ಎಂಬ ಮತ್ತೊಬ್ಬ ಸೇಫ್ಟಿಯನ್ನೂ ಪಡೆಯಿತು. 2014ರ ಫೆಬ್ರವರಿಯಲ್ಲಿ ಸೀಟಲ್ 43-8ರಿಂದ ಡೆನ್ವರ್ ತಂಡವನ್ನು ಮಣಿಸಿ ಸೂಪರ್ ಬೌಲ್ ಗೆದ್ದಾಗ ಮೂವರೂ ಆ ತಂಡದಲ್ಲಿದ್ದರು.

ಇಷ್ಟನ್ನೇ ನೋಡಿದರೆ ಬೇಡವೆಂದವರ ವಾದವೇ ಗೆದ್ದಂತೆ ತೋರುತ್ತದೆ. ಆದರೆ ಅದೇ ಡ್ರಾಫ್ಟ್‌ನಲ್ಲಿ ಟೇಲರ್ ಮೇಸ್ ಎಂಬ ಪ್ರಸಿದ್ಧ ಸೇಫ್ಟಿಯೂ ಇದ್ದ. ಕಾಲೇಜಿನಲ್ಲಿ ಅವನ ಗುರುವಾಗಿದ್ದ ಪೀಟ್ ಕ್ಯಾರೊಲ್ ಅವರೇ ಆ ವರ್ಷ ಸೀಟಲ್‌ನ ತರಬೇತುದಾರರು. ಅವರು ಶಿಷ್ಯನನ್ನು ಬಿಟ್ಟು ಥಾಮಸ್‌ನನ್ನು ಆರಿಸಿದ್ದರು. 49ನೆಯ ಸರದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪಾಲಾದ ಮೇಸ್‌ಗೆ ಥಾಮಸ್‌ನಂತಹ ಕೀರ್ತಿ ದಕ್ಕಲಿಲ್ಲ. ತಡವಾಗಿ ಸಿಗುವ ಸೇಫ್ಟಿಗಳೆಲ್ಲ ಚಾನ್ಸೆಲರ್ ಆಗುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಕಾಲ ನೀಡಿದ ತೀರ್ಪು

ಬೆರಿಯ ಮುಂದಿನ ವರ್ಷಗಳು ಈ ಚರ್ಚೆಗೆ ಎರಡೂ ಕಡೆಯ ಸಾಕ್ಷ್ಯ ಒದಗಿಸಿದವು. ಮೊದಲ ವರ್ಷವೇ ಹದಿನಾರೂ ಪಂದ್ಯಗಳನ್ನಾಡಿ ಲೀಗಿನ ಆಯ್ದ ಆಟಗಾರರ ಸಾಲಿಗೆ ಸೇರಿದ. ತಂಡ 10 ಪಂದ್ಯ ಗೆದ್ದಿತು. 2011ರ ಮೊದಲ ಪಂದ್ಯದಲ್ಲೇ ಮೊಣಕಾಲಿನ ಅಸ್ಥಿರಜ್ಜು ಹರಿದು ಇಡೀ ವರ್ಷ ಕಳೆದುಹೋಯಿತು. 2012ರಲ್ಲಿ ಚೇತರಿಸಿಕೊಂಡು ಬಂದು ಎಲ್ಲ ಪಂದ್ಯಗಳನ್ನಾಡಿ ಮತ್ತೆ ಆಯ್ದ ಆಟಗಾರನೆನಿಸಿದ. ಆದರೆ ತಂಡ ಆ ವರ್ಷ ಗೆದ್ದದ್ದು ಎರಡೇ ಪಂದ್ಯ! ಕೋಟೆಯ ಮುಂಬಾಗಿಲೇ ಮುರಿದಿರುವಾಗ ಹಿಂಬಾಗಿಲ ಕಾವಲುಗಾರ ಎಷ್ಟು ಶೂರನಾದರೂ ಪ್ರಯೋಜನವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

2014ರ ಡಿಸೆಂಬರ್‌ನಲ್ಲಿ ಅವನಿಗೆ ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಚಿಕಿತ್ಸೆ ಪಡೆದು 2015ರಲ್ಲಿ ಮೈದಾನಕ್ಕೆ ಮರಳಿದ್ದಲ್ಲದೆ, ಆ ವರ್ಷದ ಶ್ರೇಷ್ಠ ಪುನರಾಗಮನದ ಪ್ರಶಸ್ತಿಯನ್ನೂ ಪಡೆದ. ಅಷ್ಟರಲ್ಲಿ ತಂಡವೂ ಬಲಗೊಂಡಿತ್ತು. 2016ರ ಡಿಸೆಂಬರ್ 4ರಂದು ಅಟ್ಲಾಂಟಾದಲ್ಲಿ ನಡೆದ ಪಂದ್ಯದಲ್ಲಿ ಬೆರಿ ಒಂದು ಎಸೆತವನ್ನು ಕಸಿದು ಓಡಿ ಆರು ಅಂಕ ತಂದಿದ್ದ. ಕೊನೆಯ ಹಂತದಲ್ಲಿ ಎದುರಾಳಿ 28-27ರಿಂದ ಮುನ್ನಡೆದು, ಹೆಚ್ಚುವರಿ ಎರಡು ಅಂಕಗಳಿಗಾಗಿ ಚೆಂಡೆಸೆದಾಗ ಅದನ್ನೂ ಕಸಿದು ಮೈದಾನದ ಇನ್ನೊಂದು ತುದಿಯವರೆಗೆ ಓಡಿದ. ಎರಡು ಅಂಕ ಚೀಫ್ಸ್ ಪಾಲಾಗಿ 29-28ರ ಜಯ ಲಭಿಸಿತು. ಮುಂಚೂಣಿ ಗಟ್ಟಿಯಾಗಿದ್ದಾಗ ಕೊನೆಯ ಕಾವಲುಗಾರ ಪಂದ್ಯವನ್ನೇ ಗೆದ್ದುಕೊಡಬಲ್ಲನೆಂಬುದಕ್ಕೆ ಇದು ನಿದರ್ಶನ.

2017ರಲ್ಲಿ ಹೊಸ ಒಪ್ಪಂದವಾದ ಬಳಿಕ ಮೊದಲ ಪಂದ್ಯದಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. 2019ರ ಮಾರ್ಚ್‌ನಲ್ಲಿ ತಂಡ ಅವನನ್ನು ಬಿಟ್ಟುಕೊಟ್ಟಿತು. ಮರುವರ್ಷವೇ, 2020ರ ಫೆಬ್ರವರಿಯಲ್ಲಿ, ಚೀಫ್ಸ್ ಸೂಪರ್ ಬೌಲ್ ಗೆದ್ದಿತು. ಅದರ ನಾಯಕಶಕ್ತಿ 2017ರ ಡ್ರಾಫ್ಟ್‌ನಲ್ಲಿ ಹತ್ತನೆಯ ಸರದಿಗೆ ಏರಿ ಪಡೆದಿದ್ದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಹಿಂದೆ ಕಾವಲಿದ್ದವನು, ಡ್ರಾಫ್ಟ್‌ನಿಂದಲ್ಲದೆ 2019ರಲ್ಲಿ ಹಣ ಕೊಟ್ಟು ಕರೆತಂದಿದ್ದ ಟೈರನ್ ಮ್ಯಾಥ್ಯೂ ಎಂಬ ಸೇಫ್ಟಿ.

ಬದಲಾದ ಲೆಕ್ಕ

2011ರ ಕಾರ್ಮಿಕ ಒಪ್ಪಂದದ ನಂತರ ಹೊಸಬರ ಸಂಬಳ ಸರದಿಗೆ ತಕ್ಕಂತೆ ನಿಗದಿಯಾಗಿದೆ. 2010ರ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ನ ಆರು ವರ್ಷಗಳ ಒಪ್ಪಂದ 7 ಕೋಟಿ 80 ಲಕ್ಷ ಡಾಲರ್‌ಗಳದಾಗಿದ್ದರೆ, 2011ರ ಮೊದಲಿಗ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಗಳಿಗೆ ದೊರೆತದ್ದು ಸುಮಾರು 2 ಕೋಟಿ 20 ಲಕ್ಷ. ಸೇಫ್ಟಿಯನ್ನು ಆರಿಸಿ ಹಣ ಕಳೆದುಕೊಳ್ಳುವ ಭಯ ಇದರಿಂದ ತಗ್ಗಿತು. ಆದರೆ ಮತ್ತೊಂದು ಲೆಕ್ಕ ಎದ್ದಿತು. ಒಂದೇ ಸರದಿಗೆ ಒಂದೇ ಸಂಬಳವೆಂದಾದರೆ, ಹೊರಗೆ ಕೊಳ್ಳಲು ಅತಿ ದುಬಾರಿಯಾದ ಸ್ಥಾನದವನನ್ನೇ ಇಲ್ಲಿ ಆರಿಸುವುದು ಲಾಭವಲ್ಲವೇ?

ಬಾಲ್ಟಿಮೋರ್ ತಂಡ 2022ರಲ್ಲಿ 14ನೆಯ ಸರದಿಯಲ್ಲಿ ಕೈಲ್ ಹ್ಯಾಮಿಲ್ಟನ್ ಎಂಬ ಆರಡಿ ನಾಲ್ಕಂಗುಲದ ಸೇಫ್ಟಿಯನ್ನು ಪಡೆಯಿತು. ಆಯ್ಕೆಗೆ ಮುನ್ನ ಅವನ ಓಟದ ವೇಗ ನಿರೀಕ್ಷೆಗಿಂತ ಕಡಿಮೆಯೆಂದು ಹಲವರು ಮೂಗು ಮುರಿದಿದ್ದರು. 2025ರಲ್ಲಿ ಅದೇ ತಂಡ ಅವನೊಡನೆ ನಾಲ್ಕು ವರ್ಷಗಳಿಗೆ ಸುಮಾರು 10 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಸೇಫ್ಟಿಗಳಲ್ಲಿ ಅದು ದಾಖಲೆ. ಅದೇ ವರ್ಷ ಕ್ವಾರ್ಟರ್‌ಬ್ಯಾಕನ್ನು ಬೆನ್ನಟ್ಟುವ ಮೈಕಾ ಪಾರ್ಸನ್ಸ್‌ಗೆ ನಾಲ್ಕು ವರ್ಷಗಳಿಗೆ ದೊರೆತದ್ದು 18 ಕೋಟಿ 80 ಲಕ್ಷ. 2024ರಲ್ಲಿ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ಗೆ ಅಷ್ಟೇ ಅವಧಿಗೆ 24 ಕೋಟಿ. ಶ್ರೇಷ್ಠ ಸೇಫ್ಟಿಯ ಬೆಲೆ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್‌ನ ಅರ್ಧಕ್ಕಿಂತಲೂ ಕಡಿಮೆಯೆಂಬುದು ಈ ಅಂಕಿಗಳಿಂದ ತಿಳಿಯುತ್ತದೆ.

ನಮ್ಮ ಅಭಿಪ್ರಾಯ

ಇವೆಲ್ಲವನ್ನೂ ತೂಗಿ ನೋಡಿದಾಗ, 'ಅವನು ಎಷ್ಟು ದೊಡ್ಡ ಆಟಗಾರ' ಎಂಬ ಪ್ರಶ್ನೆಯೊಂದರಿಂದಲೇ ಈ ಚರ್ಚೆ ಮುಗಿಯದೆಂದು ನಮಗೆ ತೋರುತ್ತದೆ. 'ನಮ್ಮ ಮನೆ ಈಗ ಯಾವ ಸ್ಥಿತಿಯಲ್ಲಿದೆ' ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕು. ಕ್ವಾರ್ಟರ್‌ಬ್ಯಾಕ್ ಇಲ್ಲದ, ಮುಂಚೂಣಿ ದುರ್ಬಲವಾದ ತಂಡ ಮೊದಲ ಐದರ ಅಮೂಲ್ಯ ಸರದಿಯನ್ನು ಸೇಫ್ಟಿಗಾಗಿ ವ್ಯಯಿಸುವುದು ಸೂಕ್ತವಲ್ಲ. ಸಾಧ್ಯವಾದರೆ ಸರದಿಯನ್ನು ವಿನಿಮಯ ಮಾಡಿಕೊಂಡು ಕೆಳಗಿಳಿಯುವುದು ಮೇಲು. ಬುನಾದಿ ಭದ್ರವಾದ ತಂಡಕ್ಕೆ ಹತ್ತರ ಆಚೆಗೆ ಅಂಥ ಅಪರೂಪದ ಪ್ರತಿಭೆ ಇನ್ನೂ ಉಳಿದಿದ್ದರೆ ಹಿಂಜರಿಯಬೇಕಾಗಿಲ್ಲ. ಬಾಲ್ಟಿಮೋರ್ ಮಾಡಿದ್ದು ಇದನ್ನೇ.

ಕಾನ್ಸಾಸ್ ಸಿಟಿಯ ಆಯ್ಕೆಯನ್ನು ತಪ್ಪೆಂದು ತಳ್ಳಿಹಾಕಲು ಮಾತ್ರ ನಮಗೆ ಮನಸ್ಸು ಬಾರದು. ಲೆಕ್ಕದ ಪ್ರಕಾರ ಅದು ದುಬಾರಿ ಆಯ್ಕೆ. ಆದರೆ ಎರಡು ಸಲ ಅಂಗಭಂಗ, ಒಂದು ಮಾರಕ ಕಾಯಿಲೆ ಇವುಗಳ ನಡುವೆಯೂ ಮೂರು ವರ್ಷ ತನ್ನ ಸ್ಥಾನದಲ್ಲಿ ಲೀಗಿನ ಶ್ರೇಷ್ಠರ ಪಟ್ಟಿಗೇರಿದ ಆಟಗಾರ ಸೋತ ಊರೊಂದಕ್ಕೆ ಕೊಟ್ಟದ್ದು ಯಾವ ಸರದಿಯ ಬೆಲೆಪಟ್ಟಿಯಲ್ಲೂ ಸೇರುವುದಿಲ್ಲ. ಡ್ರಾಫ್ಟ್‌ನ ದಿನ ತಂಡಗಳ ಮೇಜಿನ ಮೇಲಿರುವುದು ಅಂಕಿಅಂಶಗಳು. ಆರಿಸಲ್ಪಡುವವನು ಮಾತ್ರ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿನ ಹುಡುಗ. ಈ ಎರಡನ್ನೂ ಒಟ್ಟಿಗೆ ಕಾಣಬಲ್ಲವರೇ ಒಳ್ಳೆಯ ಆಯ್ಕೆದಾರರು.