ಗಟ್ಟಿ ಮರಕ್ಕೆ ಗರಗಸದ ಚೈನು

ಬೆಂಗಳೂರಿಗೆ ಹೋದ ಸದಸ್ಯರು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು, ಪೇಟೆಯ ಅಂಗಡಿಯಲ್ಲಿ "ಹದಿನೆಂಟಿಂಚಿನ ಚೈನು ಕೊಡಿ" ಎಂದು ಕೇಳಿದರೆ ಸಾಲದು. ಪಿಚ್ಚು, ಗೇಜು, ಬಾರಿನ ಸೀಳಿನಲ್ಲಿ ಓಡುವ ಕೊಂಡಿಗಳ ಸಂಖ್ಯೆ, ಮೂರನ್ನೂ ಹೇಳಬೇಕು. ಹಳೆಯ ಚೈನನ್ನೇ ಚೀಲದಲ್ಲಿ ಒಯ್ಯುವುದು ಲೇಸು.

ಮತ್ತಿ, ಹೊನ್ನೆಗಳಿಗೆ ದುಂಡುಮೂಲೆಯ ಸೆಮಿ-ಚಿಸೆಲ್ ಹಲ್ಲನ್ನೇ ನಾವು ಶಿಫಾರಸು ಮಾಡುತ್ತೇವೆ. ಕೊಯ್ತ ತುಸು ನಿಧಾನ, ಆದರೆ ಹರಿತ ಬೇಗ ಹೋಗದು. ಚಕ್ಕೆಯ ಬದಲು ಹಿಟ್ಟಿನಂಥ ಹೊಟ್ಟು ಉದುರತೊಡಗಿದರೆ ಯಂತ್ರ ನಿಲ್ಲಿಸಿ ಅರ ಹಾಕತಕ್ಕದ್ದು. .325 ಪಿಚ್ಚಿಗೆ 4.8 ಮಿ.ಮೀ. ದುಂಡು ಅರ, ಒಳಗಿನಿಂದ ಹೊರಕ್ಕೆ, ಎಲ್ಲ ಹಲ್ಲಿಗೂ ಸಮನಾಗಿ ಉಜ್ಜಬೇಕು.

ಹಲ್ಲಿನ ಮುಂದಿನ ಚಿಕ್ಕ ಉಬ್ಬನ್ನು ಅತಿಯಾಗಿ ತಗ್ಗಿಸಿದರೆ ಗರಗಸ ಕೆಲಸಗಾರನ ಮುಖದತ್ತ ಸಿಡಿಯುವ ಅಪಾಯ ಹೆಚ್ಚು. ಅಳತೆಪಟ್ಟಿ ಇಡದೆ ಆ ಉಬ್ಬಿಗೆ ಅರ ಮುಟ್ಟಿಸಕೂಡದೆಂದು ನಮ್ಮ ತೋಟಗಳಲ್ಲಿ ಕಟ್ಟುನಿಟ್ಟು ಮಾಡಿದ್ದೇವೆ.